ಚಪಾಲಾ ತೀರದ ಚಳಿಗಾಲ

"ಉದ್ಯೋಗದಿಂದ ನಿವೃತ್ತನಾದವನಿಗೆ ರಜವೆಂಬುದು ಬೇರೆ ಉಂಟೇ?" ಎಂದು ನಮ್ಮ ಬೀದಿಯ ಸ್ನೇಹಿತರೊಬ್ಬರು ನನ್ನನ್ನು ಹಾಸ್ಯಮಾಡಿದರು. ಮೆಕ್ಸಿಕೋ ದೇಶದಲ್ಲಿ, ಒಂದು ಸರೋವರದ ತೀರದ ಹಳ್ಳಿಯಲ್ಲಿ, ಇಪ್ಪತ್ತನಾಲ್ಕು ದಿನ ಯಾವ ಕೆಲಸವೂ ಇಲ್ಲದೆ ಕಾಲ ಕಳೆದು ಬಂದೆನೆಂದು ಅವರಿಗೆ ಹೇಳಿದುದೇ ಈ ಮಾತಿಗೆ ಕಾರಣ. ನಾನು ನಕ್ಕು ಸುಮ್ಮನಾದೆ. ಅವರು ಎದ್ದುಹೋದ ಮೇಲೆ ಯೋಚಿಸಿ ನೋಡಿದರೆ, ಪ್ರಶ್ನೆಯ ಅರ್ಧವನ್ನು ಮಾತ್ರ ಅವರು ಕೇಳಿದಂತೆ ತೋರಿತು. ಉಳಿದರ್ಧವನ್ನು ಆ ಹಳ್ಳಿಯಲ್ಲಿಯೇ ನಮ್ಮಾಕೆ ಕೇಳಿಯಾಗಿತ್ತು. ಆ ಪ್ರಸಂಗವನ್ನೂ ಆ ಊರಿನ ಸಂಗತಿಯನ್ನೂ ವಾಚಕರ ಮುಂದಿಡಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನನ್ನ ಮಗಳೂ ಅಳಿಯಂದಿರೂ ಅಮೆರಿಕಾ ಸಂಯುಕ್ತ ಸಂಸ್ಥಾನದ ಷಿಕಾಗೋ ನಗರದಲ್ಲಿ ವಾಸವಾಗಿದ್ದಾರೆ. ಆಶ್ವಯುಜ ಮಾಸದಲ್ಲಿ ನಾವಿಬ್ಬರೂ ಅವರ ಮನೆಗೆ ಹೋದೆವು. ಕಾರ್ತಿಕ ಮುಗಿಯುವ ಹೊತ್ತಿಗೆ ಅಲ್ಲಿ ಹಿಮ ಬೀಳತೊಡಗಿತು. ಮೊದಲನೆಯ ದಿನ ಕಿಟಕಿಯ ಬಳಿ ನಿಂತು ಮಕ್ಕಳಂತೆ ಸಂತೋಷಪಟ್ಟೆವು. ಹತ್ತನೆಯ ದಿನ ಆ ಬಿಳುಪನ್ನು ಕಂಡರೇ ಮೈ ನಡುಗುವಂತಾಯಿತು. ನಮ್ಮಾಕೆಗೆ ಬಹುಕಾಲದಿಂದಿದ್ದ ಮೊಣಕಾಲಿನ ನೋವು ಹೆಚ್ಚಿ, ಮೆಟ್ಟಿಲು ಹತ್ತಿ ಇಳಿಯುವುದೇ ಕಷ್ಟವಾಯಿತು. ಮಗಳು ನೋಡುವಷ್ಟು ದಿನ ನೋಡಿ, "ಅಪ್ಪ, ಇಲ್ಲಿಯ ವಯಸ್ಸಾದವರು ಎಷ್ಟೋ ಮಂದಿ ಚಳಿಗಾಲಕ್ಕೆ ಮೆಕ್ಸಿಕೋವಿಗೆ ಹೋಗುತ್ತಾರೆ. ನಾವೂ ಹೋಗೋಣ. ಅಮ್ಮನಿಗೆ ಬಿಸಿಲು ಬೇಕು, ಅದಕ್ಕಿಂತ ಹೆಚ್ಚಾಗಿ ವಿಶ್ರಾಂತಿ ಬೇಕು" ಎಂದಳು. ಕೊನೆಯ ಮಾತನ್ನು ಅವಳು ಒತ್ತಿ ಹೇಳಿದುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಅಳಿಯಂದಿರಿಗೆ ಕೆಲಸದಿಂದ ಬಿಡುವು ದೊರೆಯಲಿಲ್ಲ. ಒಂಬತ್ತು ವರ್ಷದ ಮೊಮ್ಮಗಳ ಶಾಲೆಯ ರಜಕ್ಕೆ ಮುಂಚಿನ ಕೆಲವು ದಿನಗಳಿಗೂ ಅಪ್ಪಣೆ ಪಡೆದು, ತಾಯಿ ಮಗಳು ಮತ್ತು ನಾವಿಬ್ಬರು, ಹೀಗೆ ನಾಲ್ವರು ಡಿಸೆಂಬರ್ ೧೫ರಂದು ವಿಮಾನವನ್ನೇರಿದೆವು. ಮಗಳು ಕಚೇರಿಯ ಕೆಲಸವನ್ನು ಗಣಕಯಂತ್ರದ ಮೂಲಕ ಅಲ್ಲಿಂದಲೇ ನಡೆಸುವ ಏರ್ಪಾಡು ಮಾಡಿಕೊಂಡಿದ್ದಳು. ಮೊಮ್ಮಗಳು ಶಾಲೆಯಲ್ಲಿ ಸ್ಪ್ಯಾನಿಷ್ ಭಾಷೆಯನ್ನು ಕಲಿಯುತ್ತಿದ್ದುದರಿಂದ ದುಭಾಷಿಯ ಪದವಿ ಅವಳಿಗೆ ಸಹಜವಾಗಿಯೇ ಬಂತು.

ಮೆಕ್ಸಿಕೋದ ಪಶ್ಚಿಮ ಭಾಗದಲ್ಲಿ ಹಾಲಿಸ್ಕೋ ಎಂಬ ಪ್ರಾಂತವಿದೆ. ಅದರ ರಾಜಧಾನಿ ಗ್ವಾದಲಹಾರ ಎಂಬ ದೊಡ್ಡ ನಗರ. ಅಲ್ಲಿಂದ ದಕ್ಷಿಣಕ್ಕೆ ಸುಮಾರು ೫೦ ಕಿಲೋಮೀಟರು ಹೋಗಿ ಒಂದು ಬೆಟ್ಟದ ಸಾಲನ್ನು ದಾಟಿದರೆ ಕೆಳಗೆ ಚಪಾಲಾ ಸರೋವರ ಕಾಣುತ್ತದೆ. ಮೆಕ್ಸಿಕೋದ ಸರೋವರಗಳಲ್ಲೆಲ್ಲ ಇದೇ ದೊಡ್ಡದು. ಪೂರ್ವ ಪಶ್ಚಿಮವಾಗಿ ಸುಮಾರು ೮೦ ಕಿಲೋಮೀಟರು ಉದ್ದ. ತುಂಬಿದಾಗ ಸುಮಾರು ೧,೧೦೦ ಚದರ ಕಿಲೋಮೀಟರು ವಿಸ್ತಾರ. ಇಷ್ಟು ದೊಡ್ಡದಾದರೂ ಆಳ ಮಾತ್ರ ಕಡಮೆ. ಬಹುಭಾಗದಲ್ಲಿ ನಾಲ್ಕೈದು ಆಳಿನಷ್ಟೂ ಇಲ್ಲ. ಪೂರ್ವದಿಂದ ಲೆರ್ಮಾ ಎಂಬ ನದಿ ಬಂದು ಸೇರುತ್ತದೆ. ಸಾಂತಿಯಾಗೋ ಎಂಬ ನದಿ ಇಲ್ಲಿಂದ ಹೊರಟು ಪೆಸಿಫಿಕ್ ಸಾಗರವನ್ನು ಮುಟ್ಟುತ್ತದೆ. ಉಷ್ಣವಲಯದೊಳಗಿದ್ದರೂ ಸಮುದ್ರಮಟ್ಟಕ್ಕಿಂತ ಸುಮಾರು ೧,೫೦೦ ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿ ಅತಿಯಾದ ಸೆಕೆಯೂ ಇಲ್ಲ, ಹಿಮವೂ ಇಲ್ಲ. ಡಿಸೆಂಬರಿನ ಹಗಲು ನಮ್ಮ ಬೆಂಗಳೂರಿನ ಹಗಲಿನಂತೆಯೇ ಹಿತವಾಗಿರುತ್ತದೆ. ರಾತ್ರಿ ಕಂಬಳಿ ಬೇಕಾಗುತ್ತದೆ.

ಈ ಸರೋವರದ ಉತ್ತರ ದಡದಲ್ಲಿ ಅಹಿಹಿಕ್ ಎಂಬ ಹಳ್ಳಿ ಇದೆ. ಹೆಸರನ್ನು ಮೊದಲ ಸಲ ಕೇಳಿದಾಗ ಯಾರಿಗೋ ಬಿಕ್ಕಳಿಕೆ ಬಂದಿರಬೇಕೆಂದು ನಮ್ಮಾಕೆ ತಿಳಿದಳು. ಬೀದಿಗಳಿಗೆಲ್ಲ ಗುಂಡುಕಲ್ಲು ಹಾಸಿದ್ದಾರೆ. ಮನೆಗಳ ಹೊರಗೋಡೆಗೆ ಅರಿಶಿನ, ಕಾವಿ, ನೀಲಿ ಮುಂತಾದ ಬಣ್ಣಗಳು. ಎಷ್ಟೋ ಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರಗಳು. ಬೀದಿಯ ಕಡೆಗೆ ಬಾಗಿಲೊಂದನ್ನು ಬಿಟ್ಟರೆ ಬರೀ ಗೋಡೆ. ಒಳಗೆ ಕಾಲಿಟ್ಟರೆ ನಡುವೆ ಅಂಗಳ, ಅಂಗಳದ ಸುತ್ತ ಕೈಸಾಲೆ, ಕೈಸಾಲೆಯ ಹಿಂದೆ ಕೋಣೆಗಳು. ನಾನು ಹುಟ್ಟಿ ಬೆಳೆದ ತೊಟ್ಟಿಮನೆಯನ್ನೇ ಯಾರೋ ಅಷ್ಟು ದೂರಕ್ಕೆ ಹೊತ್ತು ತಂದಿಟ್ಟಂತೆ ಇತ್ತು, ನಾವು ಬಾಡಿಗೆಗೆ ಹಿಡಿದ ಮನೆ. ಅಂಗಳದಲ್ಲಿ ಒಂದು ನಿಂಬೆಯ ಗಿಡ, ಒಂದು ಪರಂಗಿಯ ಗಿಡ. ಪರಂಗಿಯವರು ತಂದ ಹಣ್ಣೆಂದು ನಾವು ಪರಂಗಿ ಹಣ್ಣೆನ್ನುತ್ತೇವೆ. ಅದರ ತವರುಮನೆಯಲ್ಲಿ ಪರಂಗಿಯವರೆಂದರೆ ಈಗ ನಾವೇ ಎಂದು ಮಗಳು ನಕ್ಕಳು.

ಬುಧವಾರ ಅಲ್ಲಿ ಸಂತೆ. ಸಂತೆಗೆ ತಿಯಾಂಗೀಸ್ ಎನ್ನುತ್ತಾರೆ. ಸ್ಪೇನಿನವರು ಬರುವುದಕ್ಕೆ ಮುಂಚಿನ ನಾವಾತ್ಲ್ ಭಾಷೆಯಿಂದ ಬಂದ ಹೆಸರು ಅದು. ಹಾದಿಯ ಎರಡು ಕಡೆಯೂ ಗುಡ್ಡೆ ಹಾಕಿದ್ದ ಪದಾರ್ಥಗಳನ್ನು ನೋಡುತ್ತ ನಡೆದಂತೆ ನನಗೆ ವಿಚಿತ್ರವಾದ ಭಾವನೆಯುಂಟಾಯಿತು. ಮೆಣಸಿನಕಾಯಿ, ಟೊಮಾಟೊ, ಸೀಬೆ, ಸಪೋಟ, ಹುರುಳಿಕಾಯಿ, ಮುಸುಕಿನ ಜೋಳ. ಯಾವುದನ್ನು ನಾವು ತಲತಲಾಂತರದಿಂದ ನಮ್ಮದೆಂದು ತಿಳಿದು ತಿನ್ನುತ್ತಿದ್ದೇವೆಯೋ ಅವೆಲ್ಲವೂ ಈ ನೆಲದಿಂದಲೋ ಇದರ ಆಸುಪಾಸಿನಿಂದಲೋ ಹೊರಟು, ಹದಿನಾರನೆಯ ಶತಮಾನದಿಂದ ಈಚೆಗೆ ನಮ್ಮಲ್ಲಿಗೆ ಬಂದವು. ನಮ್ಮ ಹಬ್ಬದ ಬಾಗಿಲಿಗೆ ಕಟ್ಟುವ ಚೆಂಡುಹೂವೂ, ಮದುವೆಯ ಹಾರದ ಸುಗಂಧರಾಜವೂ ಇಲ್ಲಿಯವೇ. ಒಣಮೆಣಸಿನಕಾಯಿಯ ರಾಶಿಯ ಮುಂದೆ ನಮ್ಮಾಕೆ ಬಹಳ ಹೊತ್ತು ನಿಂತಳು. "ಇದು ಬರುವುದಕ್ಕೆ ಮುಂಚೆ ನಮ್ಮವರು ಸಾರಿಗೆ ಏನು ಹಾಕುತ್ತಿದ್ದರು?" ಎಂದು ಕೇಳಿದಳು. "ಕರಿಮೆಣಸು" ಎಂದೆ. ಆಕೆ ತಲೆದೂಗಿ ಮುಂದೆ ನಡೆದಳು.

ಇನ್ನು ನಮ್ಮ ಜಗಳದ ವಿಷಯ. ನಾವು ತಲಪಿದ ಮರುದಿನದಿಂದ ಧನುರ್ಮಾಸ. ಮದುವೆಯಾಗಿ ಬಂದ ನಲವತ್ತೊಂದು ವರ್ಷಗಳಲ್ಲಿ ಧನುರ್ಮಾಸದ ಬೆಳಗಿನ ಝಾವ ಎದ್ದು ಹುಗ್ಗಿ ಮಾಡಿ ದೇವರಿಗೆ ನೈವೇದ್ಯ ಮಾಡುವುದನ್ನು ನಮ್ಮಾಕೆ ತಪ್ಪಿಸಿದವಳಲ್ಲ. ಹೆಸರುಬೇಳೆಯ ಗಂಟೂ ಕಾಫಿಪುಡಿಯ ಡಬ್ಬವೂ ಷಿಕಾಗೋವಿನಿಂದಲೇ ಬಂದಿದ್ದವು. ಆಕೆ ನಾಲ್ಕೂವರೆಗೆ ಏಳುವಳು. ನಾನು ಏಳು ಗಂಟೆಗೆ ಏಳುವೆನು. ಕಾಫಿ ಕುಡಿದು, ಹುಗ್ಗಿ ತಿಂದು, ಕೈಸಾಲೆಯ ಕುರ್ಚಿಯಲ್ಲಿ ಬಿಸಿಲು ಕಾಯಿಸುತ್ತ ಕುಳಿತು, "ಆಹಾ, ವಿಶ್ರಾಂತಿಯೆಂದರೆ ಇದು!" ಎಂದು ಉದ್ಗಾರ ತೆಗೆಯುವೆನು. ಹೀಗೆ ಮೂರು ದಿನ ಕಳೆಯಿತು. ನಾಲ್ಕನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಎರಡನೆಯ ಸಲ ಕಾಫಿ ಕೇಳಿದೆ.

ಆಕೆ ಲೋಟವನ್ನು ತಂದು ನನ್ನ ಪಕ್ಕದಲ್ಲಿಟ್ಟಳು. ಒಳಗೆ ಹೋಗದೆ ಅಲ್ಲಿಯೇ ನಿಂತು, "ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಈ ರಜ ನಿಮಗೋ ನನಗೋ?" ಎಂದಳು.

"ಇಬ್ಬರಿಗೂ" ಎಂದೆ.

"ಹಾಗೆ ನನಗೆ ಕಾಣಲಿಲ್ಲ. ಬೆಂಗಳೂರಿನಲ್ಲಿ ಒಲೆ ಒಂದು ಕಡೆ ಇತ್ತು, ಷಿಕಾಗೋವಿನಲ್ಲಿ ಒಂದು ಕಡೆ, ಇಲ್ಲಿ ಇನ್ನೊಂದು ಕಡೆ. ನನಗೆ ಬದಲಾದುದು ಒಲೆಯ ದಿಕ್ಕು ಮಾತ್ರ."

ಧ್ವನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು. ಆಕೆ ಒಳಗೆ ಹೋದ ಮೇಲೆ ಆ ಕಾಫಿ ನನಗೆ ರುಚಿಸಲಿಲ್ಲ. ಜೀವಮಾನದಲ್ಲಿ ನಾವು ಕಳೆದ ರಜಗಳನ್ನೆಲ್ಲ ಒಂದೊಂದಾಗಿ ನೆನೆದೆ. ನಂದಿಬೆಟ್ಟಕ್ಕೆ ಹೋದೆವು, ಬುತ್ತಿ ಕಟ್ಟಿದವಳು ಆಕೆ. ಮೈಸೂರಿನ ದಸರೆಗೆ ಹೋದೆವು. ನಂಟರ ಮನೆಯಲ್ಲಿ ಹದಿನೈದು ಜನರಿಗೆ ಅಡಿಗೆಯಾಗುತ್ತಿದ್ದಾಗ ಆಕೆ ಅಲ್ಲಿನ ಒಲೆಯ ಮುಂದೆ ಇದ್ದಳು. ನಾನು ಜಂಬೂಸವಾರಿಯ ಮುಂದೆ ಇದ್ದೆ. ಗೋಕರ್ಣದಲ್ಲಿ ಕಡಲನ್ನು ನೋಡುತ್ತ ನಾನು ಕುಳಿತಿದ್ದಾಗ ಆಕೆ ಮಗುವಿನ ಬಟ್ಟೆ ಒಗೆಯುತ್ತಿದ್ದಳು. ನಾನು ಪಡೆದ ವಿಶ್ರಾಂತಿ ಆಕಾಶದಿಂದ ಬಿದ್ದುದೆಂದು ನಾನು ತಿಳಿದಿದ್ದೆ. ಅದನ್ನು ಕೊಟ್ಟವರೊಬ್ಬರು ಇದ್ದರೆಂಬುದು ಅರುವತ್ತೇಳನೆಯ ವಯಸ್ಸಿನಲ್ಲಿ, ಮೆಕ್ಸಿಕೋದ ಕೈಸಾಲೆಯಲ್ಲಿ, ನನಗೆ ಹೊಳೆಯಿತು.

ಆ ಸಾಯಂಕಾಲ, "ನಾಳೆಯಿಂದ ಹುಗ್ಗಿ ನಾನು ಮಾಡುತ್ತೇನೆ" ಎಂದೆ. ಮಗಳು ಗಣಕಯಂತ್ರದಿಂದ ತಲೆಯೆತ್ತಿ ನೋಡಿದಳು. ನಮ್ಮಾಕೆ, "ಮಡಿ?" ಎಂದಳು. "ಸ್ನಾನ ಮಾಡಿಯೇ ಮಾಡುತ್ತೇನೆ" ಎಂದೆ. ಮೊದಲನೆಯ ದಿನ ತಳ ಸೀದಿತು. ಎರಡನೆಯ ದಿನ ಬೇಳೆ ಬೇಯಲಿಲ್ಲ. ಮೂರನೆಯ ದಿನ ಮೆಣಸು ಹೆಚ್ಚಿತು. ದೇವರು ಬಹಳ ಸಹನಶೀಲನು. ಆರನೆಯ ದಿನದ ಹುಗ್ಗಿಯನ್ನು ಮೊಮ್ಮಗಳು ಎರಡನೆಯ ಸಲ ಹಾಕಿಸಿಕೊಂಡಳೆಂದು ಇಲ್ಲಿ ಸಂಕೋಚವಿಲ್ಲದೆ ದಾಖಲುಮಾಡುತ್ತೇನೆ.

ಆದರೆ ನಮ್ಮಾಕೆಗೆ ವಿಶ್ರಾಂತಿ ಒಡನೆಯೇ ಬರಲಿಲ್ಲ. ಮೊದಲೆರಡು ದಿನ ನಾಲ್ಕೂವರೆಗೇ ಎದ್ದು, ಹಾಸಿಗೆಯಲ್ಲಿಯೇ ಕುಳಿತು, ಅಡಿಗೆಮನೆಯ ಸದ್ದನ್ನು ಕೇಳುತ್ತಿದ್ದಳು. "ಕೈ ಬರಿದಾಗಿದ್ದರೆ ಏನೋ ಮರೆತಂತಾಗುತ್ತದೆ" ಎಂದಳು. ಈ ಮಾತು ಹಿಂದಿನ ಪ್ರಶ್ನೆಗಿಂತ ಹೆಚ್ಚಾಗಿ ನನ್ನನ್ನು ನೋಯಿಸಿತು. ಮೂರನೆಯ ದಿನ ಮೊಮ್ಮಗಳು ಅಜ್ಜಿಯ ಕೈ ಹಿಡಿದು ಸರೋವರದ ದಡಕ್ಕೆ ಕರೆದುಕೊಂಡು ಹೋದಳು. ದಡದ ಉದ್ದಕ್ಕೂ ಕಲ್ಲು ಹಾಸಿದ ಒಂದು ವಿಹಾರಪಥವಿದೆ. ಅಲ್ಲಿಯ ಬೆಂಚಿನ ಮೇಲೆ ಕುಳಿತರೆ, ಎದುರು ದಡದ ಬೆಟ್ಟಗಳು ಬೆಳಗ್ಗೆ ಬೂದಿಬಣ್ಣವಾಗಿಯೂ ಸಂಜೆ ನೇರಳೆಯಾಗಿಯೂ ಕಾಣುವುವು. ಬೆಸ್ತರು ಬಲೆ ಒಣಗಿಸುವರು. ಹುಡುಗರು ಕುದುರೆಗಳನ್ನು ನೀರಿನ ಅಂಚಿನಲ್ಲಿ ನಡೆಸುವರು. ನೀರಿನ ಮೇಲೆ ಬಿಳಿಯ ಹೆಜ್ಜಾರ್ಲೆಗಳು ತೇಲುವುವು. ಇವು ಕೆನಡಾ ಮತ್ತು ಉತ್ತರ ಅಮೆರಿಕಾದ ಶೀತಪ್ರದೇಶಗಳಿಂದ ಚಳಿಗಾಲವನ್ನು ಕಳೆಯಲು ಇಲ್ಲಿಗೆ ಬರುತ್ತವೆ; ಸರೋವರದ ಆಗ್ನೇಯದಲ್ಲಿರುವ ಪೆತಾತಾನ್ ಎಂಬ ಬೆಸ್ತರ ಹಳ್ಳಿಯ ಬಳಿ ಸಾವಿರಗಟ್ಟಲೆ ನೆರೆಯುತ್ತವೆ. "ಅಜ್ಜಿ, ಅವೂ ನಮ್ಮ ಹಾಗೆಯೇ ಚಳಿ ತಡೆಯಲಾರದೆ ಬಂದಿವೆ" ಎಂದಳಂತೆ ಮೊಮ್ಮಗಳು. ಅಂದಿನಿಂದ ಬೆಳಗಿನ ಹೊತ್ತು ಹೆಜ್ಜಾರ್ಲೆಗಳನ್ನು ಎಣಿಸುವುದು ಅಜ್ಜಿಯ ಉದ್ಯೋಗವಾಯಿತು. ಪಶ್ಚಿಮಕ್ಕೆ ಕೆಲವು ಮೈಲಿ ದೂರದಲ್ಲಿ ಸಾನ್ ಹ್ವಾನ್ ಕೊಸಾಲಾ ಎಂಬಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಅಲ್ಲಿ ನಾಲ್ಕು ಸಲ ಸ್ನಾನಮಾಡಿದ ಮೇಲೆ ಆಕೆ ಕೋಲಿಲ್ಲದೆ ನಡೆಯತೊಡಗಿದಳು. ಬಿಸಿನೀರಿನ ಗುಣವೋ, ಬಿಸಿಲಿನ ಗುಣವೋ, ಬರಿಗೈಯ ಗುಣವೋ, ನಿರ್ಣಯಿಸುವುದು ನನ್ನ ಕೆಲಸವಲ್ಲ.

ಇಲ್ಲಿಗೆ ನನ್ನ ಪಾಠ ಮುಗಿಯಿತೆಂದು ತಿಳಿದಿದ್ದೆ. ಮುಗಿದಿರಲಿಲ್ಲ.

ನಾವಿದ್ದ ಮನೆಗೆ ವಾರಕ್ಕೆ ಮೂರು ದಿನ ಒಬ್ಬ ಹೆಂಗಸು ಕಸ ಗುಡಿಸಿ ನೆಲ ಒರೆಸಲು ಬರುತ್ತಿದ್ದಳು. ವಯಸ್ಸು ನಲವತ್ತೈದರ ಸುಮಾರು. ಆಕೆಯೂ ನಮ್ಮಾಕೆಯೂ ಒಬ್ಬರನ್ನೊಬ್ಬರು "ಸೆನ್ಯೋರಾ" ಎಂದೇ ಕರೆದುಕೊಳ್ಳುತ್ತಿದ್ದರು. ನಮ್ಮಲ್ಲಿ "ಅಮ್ಮಾ" ಎನ್ನುವಂತೆ. ಮುದುಕನೊಬ್ಬ ಒಲೆಯ ಮುಂದೆ ನಿಂತಿರುವುದನ್ನು ಕಂಡು ಆಕೆ ಬಾಯಿಗೆ ಕೈಯಿಟ್ಟುಕೊಂಡು ನಕ್ಕಳು. ನಮ್ಮಾಕೆ ಹುಗ್ಗಿಯ ಬಟ್ಟಲೊಂದನ್ನು ಕೊಟ್ಟಳು. ಮರುಸಲ ಬರುವಾಗ ಆಕೆ ಬಟ್ಟೆಯಲ್ಲಿ ಸುತ್ತಿ ಬಿಸಿಬಿಸಿಯಾದ ತೊರ್ತಿಯಾ ರೊಟ್ಟಿಗಳನ್ನು ತಂದುಕೊಟ್ಟಳು.

ಈ ರೊಟ್ಟಿಯ ವಿಷಯವನ್ನು ಗೃಹಿಣಿಯರಿಗಾಗಿ ಸ್ವಲ್ಪ ಹೇಳಬೇಕು. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಹಾಕಿ, ತೊಳೆದು, ರುಬ್ಬಿ, ತಟ್ಟಿ, ಹೆಂಚಿನ ಮೇಲೆ ಸುಡುತ್ತಾರೆ. ಸುಣ್ಣದಿಂದ ಕಾಳಿನ ಸಿಪ್ಪೆ ಬಿಡುವುದು ಮಾತ್ರವಲ್ಲ. ಜೋಳದಲ್ಲಿ ಅಡಗಿರುವ ಒಂದು ಅನ್ನಸತ್ವವೂ ದೇಹಕ್ಕೆ ದೊರೆಯುವಂತಾಗುತ್ತದೆ. ಈ ಕ್ರಮವನ್ನು ಬಿಟ್ಟು ಬರೀ ಜೋಳವನ್ನೇ ಮುಖ್ಯ ಆಹಾರವಾಗಿ ತಿಂದ ಯೂರೋಪಿನ ಬಡಜನರಲ್ಲಿ ಪೆಲ್ಲಾಗ್ರ ಎಂಬ ಚರ್ಮರೋಗವೂ ಬುದ್ಧಿಭ್ರಮಣೆಯೂ ಹರಡಿದುವು. ಮೆಕ್ಸಿಕೋದ ಹೆಂಗಸರು ಸಾವಿರಾರು ವರ್ಷಗಳಿಂದ ತಮ್ಮ ಮಕ್ಕಳನ್ನು ಅದರಿಂದ ಕಾಪಾಡಿಕೊಂಡಿದ್ದರು. ಇದೇ ಜೋಳದ ತಳಿಗಳನ್ನು ಉತ್ತಮಪಡಿಸುವುದರಲ್ಲಿ ನಮ್ಮ ದೇಶದ ಕ್ರಾಂತಿಕಾರಿ ಪಾಂಡುರಂಗ ಖಾನಖೋಜೆಯವರು, ೧೯೨೦ರ ದಶಕದಿಂದ ಮೊದಲುಗೊಂಡು, ಮೆಕ್ಸಿಕೋದ ಚಾಪಿಂಗೋ ಕೃಷಿಶಾಲೆಯಲ್ಲಿ ಅಧ್ಯಾಪಕರಾಗಿ ದುಡಿದರೆಂಬುದನ್ನು ನೆನೆದು ನನಗೆ ಹೆಮ್ಮೆಯಾಯಿತು.

ಒಂದು ದಿನ ನಮ್ಮಾಕೆ ಮೊಮ್ಮಗಳ ಮೂಲಕ ಆ ಸೆನ್ಯೋರಾಳನ್ನು, "ನಿಮಗೆ ರಜ ಯಾವಾಗ?" ಎಂದು ಕೇಳಿದಳು. ಆಕೆ ಸ್ವಲ್ಪ ಯೋಚಿಸಿ, "ಭಾನುವಾರ ಮಧ್ಯಾಹ್ನದ ಮೇಲೆ" ಎಂದಳು. ಬೆಳಗ್ಗೆ ಐದಕ್ಕೆ ಏಳಬೇಕು, ಮಕ್ಕಳಿಗೆ ಅಡಿಗೆಯಾಗಬೇಕು, ಊರ ಮೇಲಣ ಬೆಟ್ಟದ ಇಳಿಜಾರಿನಿಂದ ನಡೆದು ಬರಬೇಕು, ದಿನಕ್ಕೆ ಎರಡು ಮನೆಗಳ ಕೆಲಸ ಮುಗಿಸಿ ಮತ್ತೆ ಹತ್ತಿ ಹೋಗಬೇಕು. ಗಂಡ ಗ್ವಾದಲಹಾರದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಬರುತ್ತಾನೆ. ಆಕೆಯ ತಂದೆ ಬೆಸ್ತ. ಹುಟ್ಟಿದ ಮನೆ ದಡದ ಹತ್ತಿರವೇ ಇತ್ತು. ತಂದೆ ಸತ್ತ ಮೇಲೆ ಅಣ್ಣತಮ್ಮಂದಿರು ಅದನ್ನು ಮಾರಿ ಹಂಚಿಕೊಂಡರು. ಈಗ ಅಲ್ಲಿ ಪರದೇಶದವರೊಬ್ಬರು ಚಳಿಗಾಲದಲ್ಲಿ ಬಂದು ಇರುತ್ತಾರೆ. "ಅವರು ಬಾರದಿದ್ದರೆ ನಮಗೆ ಕೆಲಸವಿಲ್ಲ. ಬಂದರೆ ನಮಗೆ ಮನೆಯಿಲ್ಲ" ಎಂದು ಆಕೆ ನಗುನಗುತ್ತಲೇ ಹೇಳಿದಳು. ಮೊಮ್ಮಗಳು ಅದನ್ನು ಕನ್ನಡಕ್ಕೆ ತಿರುಗಿಸಿ, ನಗದೆ ನಮ್ಮ ಮುಖವನ್ನು ನೋಡಿದಳು.

ಆ ಮಾತು ಸತ್ಯವಾದುದು. ಈ ಸರೋವರಕ್ಕೆ ವಿಶ್ರಾಂತಿಗಾಗಿ ಹೊರಗಿನವರು ಬರುವುದು ಹೊಸತಲ್ಲ. ಮೆಕ್ಸಿಕೋವನ್ನು ಬಹುಕಾಲ ಆಳಿದ ಅಧ್ಯಕ್ಷ ಪೊರ್ಫಿರಿಯೋ ದಿಯಾಸ್ ೧೯೦೪ರಿಂದ ಕೆಲವು ವರ್ಷ ಈಸ್ಟರಿನ ರಜವನ್ನು ಪಕ್ಕದ ಚಪಾಲಾ ಊರಿನಲ್ಲಿ ಕಳೆದನು. ಆಂಗ್ಲ ಸಾಹಿತಿ ಡಿ. ಎಚ್. ಲಾರೆನ್ಸ್ ೧೯೨೩ರಲ್ಲಿ ಅಲ್ಲಿಯೇ ಮನೆ ಹಿಡಿದು ಒಂದು ಕಾದಂಬರಿಯನ್ನು ಬರೆಯತೊಡಗಿದನು. ೧೯೪೦ರ ದಶಕದಲ್ಲಿ ಅಹಿಹಿಕ್‌ಗೆ ಬಂದ ನೀಲ್ ಜೇಮ್ಸ್ ಎಂಬ ಅಮೆರಿಕನ್ ಲೇಖಕಿ ಮಕ್ಕಳಿಗಾಗಿ ಪುಸ್ತಕಭಂಡಾರವನ್ನು ತೆರೆದು, ಚಿತ್ರಕಲೆಯ ಪಾಠವನ್ನು ಏರ್ಪಡಿಸಿ, ಆ ಊರಿನಲ್ಲಿಯೇ ೧೯೯೪ರಲ್ಲಿ ತೀರಿಕೊಂಡರು. ಅವರು ದಾನಮಾಡಿದ ತೋಟಮನೆಯಲ್ಲಿ ಈಗಲೂ ಪರದೇಶದವರ ಒಂದು ಸಂಘ ನಡೆಯುತ್ತಿದೆ. ಈಗ ಅಮೆರಿಕಾ ಕೆನಡಾಗಳ ನಿವೃತ್ತರು ಸಾವಿರಾರು ಮಂದಿ ಈ ದಡದಲ್ಲಿದ್ದಾರೆ. ಬಂದವರಲ್ಲಿ ಕೊಟ್ಟವರೂ ಉಂಟು, ಕೊಂಡವರೂ ಉಂಟು. ನಾವು ಯಾವ ಪಂಕ್ತಿಯವರೆಂದು ಅಂದು ರಾತ್ರಿ ನಮ್ಮಿಬ್ಬರಿಗೂ ಯೋಚನೆಯಾಯಿತು.

ಸರೋವರದ ಪಾಡೂ ಸೆನ್ಯೋರಾಳ ಪಾಡಿನಂತೆಯೇ. ಗ್ವಾದಲಹಾರ ನಗರ ಕುಡಿಯುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಯದು. ಲೆರ್ಮಾ ನದಿ ಇಲ್ಲಿಗೆ ಬರುವ ಮೊದಲೇ ಎಷ್ಟೋ ಹೊಲಗಳಿಗೂ ಕಾರ್ಖಾನೆಗಳಿಗೂ ನೀರು ಕೊಟ್ಟು ಬಡವಾಗಿರುತ್ತದೆ. ೧೯೫೫ರಲ್ಲಿ ಒಮ್ಮೆ, ೨೦೦೨ರಲ್ಲಿ ಇನ್ನೊಮ್ಮೆ, ಸರೋವರ ತೀರ ಬತ್ತಿತು. ೨೦೦೨ರಲ್ಲಿ ನೀರು ದಡವನ್ನು ಬಿಟ್ಟು ಬಹಳ ದೂರ ಸರಿದುಹೋಗಿ, ನಾವು ಕುಳಿತು ಹೆಜ್ಜಾರ್ಲೆಗಳನ್ನು ಎಣಿಸುತ್ತಿದ್ದ ಜಾಗದ ಮುಂದೆ ದನ ಮೇಯುತ್ತಿದ್ದುವೆಂದು ಸೆನ್ಯೋರಾ ಹೇಳಿದಳು. ದೋಣಿಗಳನ್ನು ಬೋರಲು ಹಾಕಿ ತಂದೆ ಸುಮ್ಮನೆ ಕುಳಿತಿದ್ದನಂತೆ. ಮರುವರ್ಷ ಒಳ್ಳೆಯ ಮಳೆಯಾಗಿ ನೀರು ಮರಳಿತು. ಎಲ್ಲರಿಗೂ ಕೊಡುವುದನ್ನೇ ಸ್ವಭಾವವಾಗಿ ಉಳ್ಳವರ ಬಳಿ ಇನ್ನೆಷ್ಟು ಉಳಿದಿದೆಯೆಂದು ಯಾರೂ ಕೇಳುವುದಿಲ್ಲ. ಬತ್ತಿದ ದಿನವೇ ಅದು ಎಲ್ಲರಿಗೂ ಗೊತ್ತಾಗುವುದು.

ಡಿಸೆಂಬರ್ ೧೬ರಿಂದ ೨೪ರವರೆಗೆ ಒಂಬತ್ತು ರಾತ್ರಿ ಮೆಕ್ಸಿಕೋದಲ್ಲೆಲ್ಲ ಪೊಸಾದಾ ಎಂಬ ಉತ್ಸವ ನಡೆಯುತ್ತದೆ. ಪೊಸಾದಾ ಎಂದರೆ ತಂಗುವ ಸ್ಥಳ, ಛತ್ರ. ೧೫೮೭ರಲ್ಲಿ ಅಕೋಲ್ಮಾನ್ ಎಂಬಲ್ಲಿಯ ಕ್ರೈಸ್ತ ಸನ್ಯಾಸಿಗಳು ಪೋಪರ ಅಪ್ಪಣೆ ಪಡೆದು ಈ ಒಂಬತ್ತು ದಿನಗಳ ಪೂಜೆಯನ್ನು ಆರಂಭಿಸಿದರೆಂದು ಹೇಳುತ್ತಾರೆ. ಬಸುರಿಯಾದ ಮೇರಿಯೂ ಜೋಸೆಫನೂ ರಾತ್ರಿ ತಂಗಲು ಜಾಗ ಬೇಡುತ್ತ ಅಲೆದ ಕಥೆಯನ್ನು ಇಲ್ಲಿ ಹಾಡಿ ಆಡುತ್ತಾರೆ. ೨೨ರ ರಾತ್ರಿ ತನ್ನ ಮನೆಯಲ್ಲಿ ಪೊಸಾದಾ ಇದೆಯೆಂದೂ ನಾವು ಬರಬೇಕೆಂದೂ ಸೆನ್ಯೋರಾ ಕರೆದಳು. ಮಾಂಸ ತಿನ್ನದವರು ನಾವು ಎಂಬ ಸಂಕೋಚವನ್ನು ಮೊಮ್ಮಗಳು ಆಗಲೇ ತಿಳಿಸಿಬಿಟ್ಟಿದ್ದಳು.

ಆಕೆಯ ಮನೆ ಬೆಟ್ಟದ ಇಳಿಜಾರಿನಲ್ಲಿ. ಎರಡು ಕೋಣೆ, ಒಂದು ಪುಟ್ಟ ಅಂಗಳ. ನಮ್ಮನ್ನು ಒಳಗಿನವರ ಪಕ್ಷದಲ್ಲಿ ಕೂರಿಸಿದರು. ಬೀದಿಯಲ್ಲಿ ಮೊಂಬತ್ತಿಗಳನ್ನು ಹಿಡಿದ ಮಕ್ಕಳ ಮೆರವಣಿಗೆ ಬಂತು. ಎರಡು ಮನೆಗಳ ಮುಂದೆ ಅವರು ಹಾಡಿ ಬೇಡಿದರು. ಒಳಗಿನವರು ಹಾಡಿಯೇ ನಿರಾಕರಿಸಿದರು. ಮೂರನೆಯದಾಗಿ ನಾವಿದ್ದ ಬಾಗಿಲಿಗೆ ಬಂದರು. ಹೊರಗೆ ಬೇಡಿಕೆ, ಒಳಗೆ ಸಂದೇಹ, ಮತ್ತೆ ಬೇಡಿಕೆ. ಕಡೆಗೆ ಬಂದವರು ಯಾರೆಂದು ತಿಳಿದು ಸೆನ್ಯೋರಾ ಬಾಗಿಲು ತೆರೆದಳು. ಎಲ್ಲರ ಹಾಡೂ ಒಂದಾಯಿತು. ನಿಜವಾಗಿ ಆ ಊರಿಗೆ ತಂಗಲು ಬಂದವರು ನಾವು, ಒಳಗೆ ಕುಳಿತವರೂ ನಾವು. ಹುಟ್ಟಿದ ಮನೆಯಿಂದ ಹೊರಗಾದಾಕೆ ನಮಗೂ ಬೀದಿಗೂ ಬಾಗಿಲು ತೆರೆದುಕೊಂಡು ನಿಂತಿದ್ದಳು. ನಮ್ಮಾಕೆ ಸೆರಗಿನಿಂದ 
ಕಣ್ಣೊರಸಿಕೊಂಡಳು, ಹೊಗೆ ಎಂದಳು.

ಆಮೇಲೆ ಮಕ್ಕಳು ಏಳು ಕೋಡಿನ ಒಂದು ಬಣ್ಣದ ನಕ್ಷತ್ರವನ್ನು ತೂಗಹಾಕಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕೋಲಿನಿಂದ ಹೊಡೆದು ಒಡೆದರು. ಒಳಗಿನಿಂದ ಮಿಠಾಯಿ ಸುರಿಯಿತು. ನಮ್ಮ ಗೋಕುಲಾಷ್ಟಮಿಯ ಮೊಸರುಕುಡಿಕೆಯನ್ನು ಕಂಡಂತಾಯಿತು. ಕೋಡು ಏಳೇಕೆಂದರೆ, ಮನುಷ್ಯನ ಪಾಪಗಳು ಏಳಂತೆ. ನಮ್ಮಲ್ಲಿ ವೈರಿಗಳು ಆರೇ ಎಂದು ನಾನು ಮೊಮ್ಮಗಳಿಗೆ ಹೇಳಿದೆ. "ಏಳನೆಯದು ಸೋಮಾರಿತನ, ತಾತ" ಎಂದು ಅವಳು ಕೇಳಿ ತಿಳಿದುಕೊಂಡು ಬಂದು ಹೇಳಿದಳು. ನಾನು ಮುಂದೆ ಮಾತಾಡಲಿಲ್ಲ.

ಊಟಕ್ಕೆ ತಮಾಲ್. ಜೋಳದ ಹಿಟ್ಟನ್ನು ಜೋಳದ ತೆನೆಯ ಸಿಪ್ಪೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವುದು. ನಮ್ಮ ಹಲಸಿನೆಲೆಯ ಕೊಟ್ಟೆಕಡುಬಿನ ಸೋದರ. ಹಿಟ್ಟಿಗೆ ಹಂದಿಯ ಕೊಬ್ಬನ್ನು ಕಲಸುವುದು ಅಲ್ಲಿಯ ರೂಢಿ. ನಮ್ಮ ನಾಲ್ವರಿಗಾಗಿ ಸೆನ್ಯೋರಾ ಬೇರೆ ಪಾತ್ರೆಯಲ್ಲಿ, ಬೆಣ್ಣೆ ಹಾಕಿ, ಒಳಗೆ ಗಿಣ್ಣನ್ನೂ ಮೆಣಸಿನಕಾಯಿಯನ್ನೂ ಇಟ್ಟು, ಗುರುತಿಗೆ ಕೆಂಪು ದಾರ ಕಟ್ಟಿ ಬೇಯಿಸಿದ್ದಳು. ಎರಡು ಮನೆಗಳ ಕೆಲಸ ಮುಗಿಸಿ ಬಂದು ಅದನ್ನು ಎಷ್ಟು ಹೊತ್ತಿಗೆ ಮಾಡಿದಳೋ ಆಕೆಗೇ ಗೊತ್ತು. ನಮ್ಮಾಕೆ ಸಹಾಯಕ್ಕೆಂದು ಎದ್ದಳು. ಅಲ್ಲಿದ್ದ ಹೆಂಗಸರು ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಆಗ ನಾನು ಎದ್ದು, ಸೀಬೆ ಕಬ್ಬು ಚಕ್ಕೆಗಳ ಕಷಾಯ ಕುಡಿದ ಲೋಟಗಳನ್ನೆಲ್ಲ ಅಂಗಳದ ತೊಟ್ಟಿಯ ಬಳಿ ಒಯ್ದು ತೊಳೆಯತೊಡಗಿದೆ. ಮೊಮ್ಮಗಳು ಒರೆಸಿದಳು. ಗಂಡಸರು ಕೂಗಿ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಸೆನ್ಯೋರಾಳ ಗಂಡನೂ ನಗುತ್ತಲೇ ಬಂದು ತಟ್ಟೆಗಳನ್ನು ಎತ್ತಿಕೊಂಡ. ಹಿಂತಿರುಗಿ ನೋಡಿದರೆ ಸೆನ್ಯೋರಾ ನಮ್ಮಾಕೆಯ ಪಕ್ಕದಲ್ಲಿ ಕುಳಿತಿದ್ದಳು. ಆಕೆ ಕುಳಿತುದನ್ನು ನಾನು ನೋಡಿದುದು ಅದೇ ಮೊದಲು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಇಬ್ಬರೂ ತಮ್ಮ ತಮ್ಮ ಮೊಣಕಾಲುಗಳನ್ನು ತೋರಿಸಿಕೊಂಡು ಮಾತಾಡುತ್ತಿದ್ದರು.

ಜನವರಿ ೬ರಂದು, ಮೂವರು ಅರಸರ ಹಬ್ಬದ ದಿನ, ಅಲ್ಲಿ ಬಳೆಯಾಕಾರದ ಒಂದು ಸಿಹಿರೊಟ್ಟಿಯನ್ನು ಹಂಚುತ್ತಾರೆ. ಅದರೊಳಗೆ ಶಿಶುವಿನ ಒಂದು ಪುಟ್ಟ ಬೊಂಬೆಯನ್ನು ಹುದುಗಿಸಿರುತ್ತಾರೆ. ಯಾರ ಪಾಲಿಗೆ ಬೊಂಬೆ ಬರುವುದೋ ಅವರು ಫೆಬ್ರವರಿ ೨ರಂದು ಎಲ್ಲರಿಗೂ ತಮಾಲ್ ಮಾಡಿ ಬಡಿಸಬೇಕು. ಸೆನ್ಯೋರಾ ತಂದ ರೊಟ್ಟಿಯಲ್ಲಿ ಬೊಂಬೆ ನನ್ನ ಹಲ್ಲಿಗೆ ಸಿಕ್ಕಿತು. ನಾವು ಮರುದಿನವೇ ಹೊರಡುವವರು. "ಹಾಗಾದರೆ ಸಾಲ ಉಳಿಯಿತು" ಎಂದು ಆಕೆ ನಕ್ಕಳು. ಮಗಳು ಆಕೆಯ ಕೈಗೆ ಕೊಡಬೇಕಾದುದಕ್ಕಿಂತ ಹೆಚ್ಚಾಗಿಯೇ ಕೊಟ್ಟಳು. ಹಣದಿಂದ ಕೆಲಸದ ಲೆಕ್ಕ ತೀರಿತು. ಬೊಂಬೆಯ ಲೆಕ್ಕ ಅದರಿಂದ ತೀರುವಂಥದಲ್ಲವೆಂದು ಇಬ್ಬರಿಗೂ ತಿಳಿದಿತ್ತು.

ಜನವರಿಯ ಕೊನೆಗೆ ನಾವು ಬೆಂಗಳೂರಿಗೆ ಹಿಂತಿರುಗಿದೆವು. ಫೆಬ್ರವರಿ ೨ ಹತ್ತಿರ ಬಂದಾಗ ಮೇಜಿನ ಮೇಲಿದ್ದ ಬೊಂಬೆಯನ್ನು ನೋಡಿ, "ಸಾಲಗಾರರೇ, ಏನು ಮಾಡುತ್ತೀರಿ?" ಎಂದು ನಮ್ಮಾಕೆ ಕೇಳಿದಳು. ಆ ದಿನ ನಾನೇ ಹಿಟ್ಟು ಕಲಸಿ ಕಡುಬು ಬೇಯಿಸಿದೆ. ಯಾರನ್ನು ಊಟಕ್ಕೆ ಕರೆಯಬೇಕೆಂಬ ಪ್ರಶ್ನೆ ಬಂತು. ನಮ್ಮ ಮನೆಯಲ್ಲಿ ಹನ್ನೊಂದು ವರ್ಷದಿಂದ ಪಾತ್ರೆ ತೊಳೆಯುತ್ತಿರುವ ಹೆಂಗಸು ಆ ಹೊತ್ತಿಗೆ ಹಿತ್ತಲಿನಲ್ಲಿದ್ದಳು. ಸಾವಿರಾರು ಮೈಲಿ ದೂರದಲ್ಲಿ ಒಬ್ಬಾಕೆಯನ್ನು "ನಿಮಗೆ ರಜ ಯಾವಾಗ?" ಎಂದು ಕೇಳಿದ ನಾವು ಈಕೆಯನ್ನು ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದರೆ ಭಾನುವಾರ ಮಧ್ಯಾಹ್ನವೆಂಬ ಉತ್ತರವೂ ಬರುತ್ತಿರಲಿಲ್ಲ. ನಮ್ಮಾಕೆ ಆಕೆಯನ್ನು ಒಳಗೆ ಕರೆದು ಕೂರಿಸಿದಳು. ಆಕೆ ಬಹಳ ಸಂಕೋಚಪಟ್ಟು, ಕೈಯನ್ನು ಎರಡು ಸಲ ಒರೆಸಿಕೊಂಡು, ಕುಳಿತಳು. ನಾನು ಬಡಿಸಿದೆ.

ಈಗ ನಮ್ಮ ಮನೆಯಲ್ಲಿ ಭಾನುವಾರ ಆಕೆಗೆ ರಜ. ಸಂಬಳದಲ್ಲಿ ಅದನ್ನು ಮುರಿದುಕೊಳ್ಳುವುದಿಲ್ಲ. ಆ ದಿನದ ಪಾತ್ರೆಗಳು ನನ್ನವು. ಮೊನ್ನೆ ನನ್ನ ಸ್ನೇಹಿತರು ಬಂದು ನಿವೃತ್ತನಿಗೆ ರಜವೆಲ್ಲಿಯದೆಂದು ಹಾಸ್ಯಮಾಡಿದುದು ಭಾನುವಾರ ಬೆಳಗ್ಗೆ. ಅವರನ್ನು ಕಳುಹಿಸಿ ಒಳಗೆ ಹೋಗಿ ನೋಡಿದರೆ ತೊಟ್ಟಿಯ ತುಂಬ ಪಾತ್ರೆಗಳಿದ್ದುವು. ನಮ್ಮಾಕೆ ಜಗಲಿಯ ಮೇಲೆ ಕಾಲು ಚಾಚಿ ಕುಳಿತು ಬೀದಿಯ ಮರದ ಮೇಲಿನ ಕಾಗೆಗಳನ್ನು ಎಣಿಸುತ್ತಿದ್ದಳು.